ಟೋಕಿಯೊಗೆ ಹೋಗಲಾ, ಫ್ರೈಬುರ್ಗಿಗೆ ಹೋಗಲಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಡಿಕೆ ತೋಟ ಇದೆ, ಅತ್ತೆ ಒಬ್ಬರೇ ನೋಡಿಕೊಳ್ಳುತ್ತಾರೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮವರು ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿದ್ದಾರೆ. ಮಗಳಿಗೆ ಆರು ವರ್ಷ. ಕಂಪನಿಯವರು ಜಪಾನಿನ ಟೋಕಿಯೊ ಅಥವಾ ಜರ್ಮನಿಯ ಫ್ರೈಬುರ್ಗ್, ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂದಿದ್ದಾರೆ. ಮಲೆನಾಡಿನಲ್ಲಿ ಬೆಳೆದವರಿಗೆ ಟೋಕಿಯೊ ಗದ್ದಲ ಆಗಿ ಬರಲ್ಲ, ಕಾಡಿನ ಪಕ್ಕದ ಸಣ್ಣ ಊರೇ ಸರಿ ಅಂತ ಎಲ್ಲರೂ ಹೇಳುತ್ತಾರೆ. ನಾವು ಸಸ್ಯಾಹಾರಿಗಳು. ಅತ್ತೆ ಆಗಲೇ ಅಪ್ಪೆಮಿಡಿ ಉಪ್ಪಿನಕಾಯಿ ಎತ್ತಿಟ್ಟಿದ್ದಾರೆ. ಯಾವ ಊರು ಆರಿಸಲಿ?

ಉತ್ತರ: ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಹೊಸನಗರ ಕಡೆಯವನು. ನಗರ ಯೋಜನೆ ನನ್ನ ವೃತ್ತಿ. ಟೋಕಿಯೊದಲ್ಲಿ ನಾಲ್ಕು ವರ್ಷ, ಫ್ರೈಬುರ್ಗಿನಲ್ಲಿ ಮೂರು ವರ್ಷ ಇದ್ದು ಬಂದೆ. ಈಗ ಶಿವಮೊಗ್ಗದ ವಿನೋಬನಗರದಲ್ಲಿ ಮನೆ. ಎರಡೂ ಊರಿನ ಬಾಡಿಗೆ, ರೈಲು, ಬೇಸರ ಎಲ್ಲ ಗೊತ್ತು. 'ಮಲೆನಾಡಿನವರಿಗೆ ಸಣ್ಣ ಊರೇ ಸರಿ' ಅನ್ನುವ ಮಾತನ್ನು ನಾನೂ ನಂಬಿಕೊಂಡೇ ಹೋಗಿದ್ದೆ. ಅದರಲ್ಲಿ ಅರ್ಧ ಸುಳ್ಳು.

ಗದ್ದಲದ ವಿಷಯ ಮೊದಲು ಮುಗಿಸಿಬಿಡೋಣ. ಟೋಕಿಯೊದ ಶಿಂಜುಕು ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ರೈಲು ನಿಲ್ದಾಣ ಅಂತ ಗಿನ್ನೆಸ್ ದಾಖಲೆಯಲ್ಲಿದೆ. ಆದರೆ ನನ್ನ ಕಿವಿಗೆ ಅಲ್ಲಿಗಿಂತ ನಮ್ಮ ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲೇ ಜಾಸ್ತಿ ನೋವಾಗುತ್ತದೆ. ಟೋಕಿಯೊ ರೈಲಿನಲ್ಲಿ ಫೋನಿನಲ್ಲಿ ಮಾತಾಡುವುದು ಅಸಭ್ಯ. ಬೆಳಗ್ಗೆ ಎಂಟಕ್ಕೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತಿರುತ್ತಾರೆ, ಉಸಿರಾಡಲು ಜಾಗ ಇರುವುದಿಲ್ಲ. ಆದರೂ ಒಂದು ಮಾತು ಕೇಳಿಸುವುದಿಲ್ಲ. ಮೊದಲ ವಾರ ನನಗೆ ಹೆದರಿಕೆಯಾಗಿದ್ದು ಆ ಜನಕ್ಕಲ್ಲ, ಆ ಮೌನಕ್ಕೆ. ಹಾರ್ನ್ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಗದ್ದಲ ಅನ್ನುವ ಕಾರಣಕ್ಕೆ ಟೋಕಿಯೊ ಬಿಡಬೇಡಿ.

ಅಂಕಿ ನೋಡಿದರೆ ಹೆದರಿಕೆ ಸಹಜ. ಟೋಕಿಯೊ ಮತ್ತು ಅದಕ್ಕೆ ಅಂಟಿಕೊಂಡ ಊರುಗಳಲ್ಲಿ ಸುಮಾರು 3.7 ಕೋಟಿ ಜನ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಇದ್ದವರೇ 6.11 ಕೋಟಿ. ಫ್ರೈಬುರ್ಗಿನಲ್ಲಿ ಇರುವುದು ಸುಮಾರು 2.3 ಲಕ್ಷ. ಅಂದರೆ 2011ರಲ್ಲೇ 3.22 ಲಕ್ಷ ಇದ್ದ ನಮ್ಮ ಶಿವಮೊಗ್ಗಕ್ಕಿಂತ ಚಿಕ್ಕದು. ಟೋಕಿಯೊದ ನಡುವಿನ 23 ವಾರ್ಡುಗಳಲ್ಲಿ ಒಂದು ಚದರ ಕಿಲೋಮೀಟರಿಗೆ 15 ಸಾವಿರದಷ್ಟು ಜನ. ಫ್ರೈಬುರ್ಗಿನಲ್ಲಿ ಅದರ ಹತ್ತನೇ ಒಂದು ಪಾಲು.

ಆದರೆ ಟೋಕಿಯೊವನ್ನು ಒಂದು ಊರು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ರೈಲು ಹಳಿಗೆ ಪೋಣಿಸಿದ ನೂರಾರು ಸಣ್ಣ ಪೇಟೆಗಳು ಅದು. ನಗರದ ನಡುವೆ ಸುತ್ತು ಹಾಕುವ ಯಾಮನೊತೆ ಲೈನ್ 34.5 ಕಿಲೋಮೀಟರ್, ಅದರಲ್ಲಿ 30 ನಿಲ್ದಾಣ. ಒಂದೊಂದು ನಿಲ್ದಾಣಕ್ಕೂ ಅದರದೇ ಪೇಟೆ ಬೀದಿ, ತರಕಾರಿ ಅಂಗಡಿ, ಡಾಕ್ಟರು, ತೋಫು ಅಂಗಡಿ. ನೀವು ಇರುವುದು ಆ ಪೇಟೆಯಲ್ಲಿ, ಟೋಕಿಯೊದಲ್ಲಿ ಅಲ್ಲ. ದೊಡ್ಡ ರಸ್ತೆ ಬಿಟ್ಟು ಒಂದು ತಿರುವು ಒಳಗೆ ಹೋದರೆ ಸಾಕು, ಕಿರಿದಾದ ಓಣಿ, ಬಾಗಿಲಿಗೊಂದು ಹೂವಿನ ಕುಂಡ, ಸೈಕಲ್ ಮೇಲೆ ಅಜ್ಜಿ. ಓಣಿಯಲ್ಲಿ ಕಾರು ನಿಂತಿರುವುದಿಲ್ಲ. ಅದಕ್ಕೆ ಕಾರಣ 1962ರ ಒಂದು ಕಾನೂನು. ಕಾರು ಕೊಳ್ಳುವ ಮೊದಲು ಅದನ್ನು ನಿಲ್ಲಿಸಲು ರಸ್ತೆ ಬಿಟ್ಟು ಬೇರೆ ಜಾಗ ಇದೆ ಅಂತ ಪೊಲೀಸರಿಗೆ ತೋರಿಸಬೇಕು. ನಮ್ಮ ಶಿವಮೊಗ್ಗದ ದುರ್ಗಿಗುಡಿ ಪೇಟೆಯಲ್ಲಿ ಆ ಕಾನೂನು ಬಂದರೆ ಏನಾಗಬಹುದು ಅಂತ ಯೋಚಿಸಿ, ಸುಮ್ನೆ ನಗು ಬರುತ್ತದೆ.

ಓಣಿ ಖಾಲಿ ಇರುವುದರಿಂದ ಮಕ್ಕಳು ನಡೆಯುತ್ತಾರೆ. ನಿಮ್ಮ ಮಗಳ ವಯಸ್ಸಿನ ಮಕ್ಕಳು ಹಳದಿ ಟೋಪಿ ಹಾಕಿಕೊಂಡು, ಬೆನ್ನಿಗಿಂತ ಅಗಲದ ಚರ್ಮದ ಚೀಲ ಹೊತ್ತು, ಅಪ್ಪ ಅಮ್ಮ ಇಲ್ಲದೆ ಶಾಲೆಗೆ ಹೋಗುತ್ತವೆ. ಸಂಜೆ ಐದಕ್ಕೆ ಕಂಬದ ಮೇಲಿನ ಧ್ವನಿವರ್ಧಕದಿಂದ ಒಂದು ಮಕ್ಕಳ ಹಾಡಿನ ರಾಗ ಬರುತ್ತದೆ. ಭೂಕಂಪ, ಪ್ರವಾಹ ಬಂದಾಗ ಎಚ್ಚರಿಸಲು ಇಟ್ಟ ಧ್ವನಿವರ್ಧಕ ಅದು. ಕೆಟ್ಟಿಲ್ಲ ಅಂತ ದಿನಾ ಪರೀಕ್ಷೆ ಮಾಡುವ ನೆಪದಲ್ಲಿ ಮಕ್ಕಳನ್ನು ಮನೆಗೆ ಕರೆಯುತ್ತಾರೆ. ನಮ್ಮ ಕಿಟಕಿಯ ಕೆಳಗೆ ಚೆಂಡಾಡುತ್ತಿದ್ದ ಮೂರು ಹುಡುಗರು ರಾಗ ಮುಗಿಯುವ ಹೊತ್ತಿಗೆ ಚೆಂಡು ಎತ್ತಿಕೊಂಡು ಹೋಗಿಬಿಡುತ್ತಿದ್ದರು. ದನ ಕೊಟ್ಟಿಗೆಗೆ ಬರುವ ಹೊತ್ತು ನೆನಪಾಗುತ್ತಿತ್ತು ನನಗೆ.

ಈಗ ಫ್ರೈಬುರ್ಗ್. ಇದೂ ಚೆಂದದ ಊರೇ. 1120ರಲ್ಲಿ ಹುಟ್ಟಿದ್ದು. ಹಳೇ ಪೇಟೆಯಿಂದ 1970ರ ದಶಕದಲ್ಲೇ ಕಾರುಗಳನ್ನು ಹೊರಗೆ ಹಾಕಿದರು. ಟ್ರಾಮ್ ಓಡುತ್ತದೆ. ರಸ್ತೆಯ ಬದಿಗೆ ಕಲ್ಲು ಕಟ್ಟಿದ ಸಣ್ಣ ಕಾಲುವೆಗಳಲ್ಲಿ ನೀರು ಹರಿಯುತ್ತಿರುತ್ತದೆ, ನಮ್ಮ ಅಡಿಕೆ ತೋಟದ ಕಪ್ಪಿನ, ಅಂದರೆ ಬಸಿಗಾಲುವೆಯ, ಥರವೇ. ಗೊತ್ತಿಲ್ಲದೆ ಅದರಲ್ಲಿ ಕಾಲಿಟ್ಟವರಿಗೆ ಆ ಊರಿನವರ ಜೊತೆಯೇ ಮದುವೆ ಅಂತ ಅಲ್ಲಿ ಒಂದು ನಂಬಿಕೆ. ನಾನು ಎರಡು ಸಲ ಕಾಲಿಟ್ಟೆ, ಮದುವೆ ಮಾತ್ರ ಸಾಗರದಲ್ಲೇ ಆಯಿತು. ಬೇಸಿಗೆಯ ಸಂಜೆ ಪಕ್ಕದ ಕಣಿವೆಯಿಂದ ಇಳಿದು ಬರುವ ತಣ್ಣನೆ ಗಾಳಿಗೆ ಒಂದು ಹೆಸರೇ ಇದೆ, 'ಹೊಲೆನ್‌ಟೇಲರ್' ಅಂತ. ಕಣಿವೆಯ ಹೆಸರು ನರಕದ ಕಣಿವೆ, ಗಾಳಿ ಮಾತ್ರ ಸ್ವರ್ಗ.

ಊರ ಅಂಚಿಗೇ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳು. ಟ್ರಾಮ್ ಇಳಿದು ನಡೆದರೆ ಕಾಡು. ಆದರೆ ಆ ಕಾಡು ನಮ್ಮ ಕಾಡಲ್ಲ. ಫರ್, ಸ್ಪ್ರೂಸ್, ಬೀಚ್ ಮರಗಳು. ತಿರುವು ತಿರುವಿಗೂ ದಾರಿ ಫಲಕ, ಕೂರಲು ಬೆಂಚು. ಮಳೆಗಾಲದಲ್ಲಿ ಕಾಲಿಗೆ ಇಂಬಳ ಹತ್ತದ ಕಾಡನ್ನು ಕಾಡು ಅನ್ನಲು ನನಗೆ ಆರು ತಿಂಗಳು ಬೇಕಾಯಿತು. ಮಳೆಯೂ ಅಷ್ಟೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವುದನ್ನು ನೋಡಿದವರಿಗೆ ಅಲ್ಲಿಯದು ಬರೀ ತುಂತುರು. ಆ ವಿಷಯದಲ್ಲಿ ಟೋಕಿಯೊ ವಾಸಿ. ಜೂನ್, ಜುಲೈನಲ್ಲಿ ಅಲ್ಲಿ ನಿಜವಾದ ಮಳೆಗಾಲ ಇದೆ. ಬೂಷ್ಟು ಹಿಡಿದ ಚಪ್ಪಲಿ ನೋಡಿ ನನಗೆ ಖುಷಿಯಾಗಿತ್ತು.

ಇನ್ನು ಅಲ್ಲಿನ ಪ್ರಶಾಂತತೆ. ಇದನ್ನೇ ನಿಮ್ಮವರೆಲ್ಲ ಹೊಗಳುತ್ತಿರುವುದು. ಆ ಪ್ರಶಾಂತತೆ ತಾನಾಗಿ ಬಂದದ್ದಲ್ಲ, ಕಾನೂನಿನಿಂದ ಬಂದದ್ದು. ಭಾನುವಾರ ಅಂಗಡಿಗಳೆಲ್ಲ ಬಂದ್. ಬೇಕರಿ ಬೆಳಗ್ಗೆ ಸ್ವಲ್ಪ ಹೊತ್ತು, ಪೆಟ್ರೋಲ್ ಬಂಕು, ಅಷ್ಟೇ. ನಾನು ಹೋದ ಮೊದಲ ಭಾನುವಾರ ಮನೆಯಲ್ಲಿ ಹಾಲಿಲ್ಲ, ಅಕ್ಕಿ ಇಲ್ಲ. ಬಿಸ್ಕತ್ತು ತಿಂದು ದಿನ ಕಳೆದೆ. ಎರಡನೇ ಭಾನುವಾರ ಅಪ್ಪ ಕೊಟ್ಟ ಶೃಂಗೇರಿ ಶಾರದೆಯ ಫೋಟೋ ತೂಗುಹಾಕೋಣ ಅಂತ ಗೋಡೆಗೆ ಮೊಳೆ ಹೊಡೆದೆ. ನಾಲ್ಕು ಏಟು ಬಿದ್ದಿರಬೇಕು. ಕರೆಗಂಟೆ ಆಯಿತು. ಕೆಳಗಿನ ಮನೆಯ ಅಜ್ಜಿ. ಗಡಿಯಾರ ತೋರಿಸಿ, ಕ್ಯಾಲೆಂಡರ್ ಅನ್ನುವ ಪದ ಹೇಳಿ, ತಲೆ ಅಲ್ಲಾಡಿಸಿ ಹೋದರು. ಭಾನುವಾರ ಮೊಳೆ ಹೊಡೆಯುವ ಹಾಗಿಲ್ಲ. ಖಾಲಿ ಬಾಟಲಿಯನ್ನು ಬೀದಿಯ ಗಾಜಿನ ಡಬ್ಬಿಗೆ ಹಾಕುವ ಹಾಗೂ ಇಲ್ಲ, ಸದ್ದಾಗುತ್ತದೆ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕುವ ಯೋಚನೆ ಬಿಟ್ಟುಬಿಡಿ. ಶಾರದೆ ಸೋಮವಾರದ ತನಕ ಸೋಫಾದ ಮೇಲೇ ಇದ್ದಳು.

ಅದೇ ಅಜ್ಜಿಯ ಇನ್ನೊಂದು ಕತೆ ಹೇಳಬೇಕು. ಅಲ್ಲಿನ ಮನೆಗಳ ಕಿಟಕಿಗೆ ಹೊರಗಡೆ ನಮ್ಮ ಅಂಗಡಿ ಶಟರ್ ಥರದ ಸುರುಳಿ ಬಾಗಿಲು ಇರುತ್ತದೆ. ರಾತ್ರಿ ಇಳಿಸಿ, ಬೆಳಗ್ಗೆ ಎತ್ತುತ್ತಾರೆ. ಒಂದು ಜನವರಿ ನನಗೆ ಜೋರು ಜ್ವರ, ಎರಡು ದಿನ ಶಟರ್ ಎತ್ತಲಿಲ್ಲ. ಮೂರನೇ ದಿನ ಅಜ್ಜಿ ಬಾಗಿಲು ಬಡಿದರು, ಕೈಯಲ್ಲಿ ಒಂದು ಪಾತ್ರೆ. ಒಳಗೆ ಕಾಲಿಡುವ ಮೊದಲೇ 'ಮಾಂಸ ಹಾಕಿಲ್ಲ' ಅಂದರು. ನಮ್ಮ ಊರಿನಲ್ಲಿ ಮನೆಗೂ ಮನೆಗೂ ನಡುವೆ ಒಂದು ತೋಟ, ಒಂದು ಗದ್ದೆ ಬಯಲು. ಆದರೂ ಬೆಳಗ್ಗೆ ಬಚ್ಚಲ ಒಲೆಯ ಹೊಗೆ ಕಾಣದಿದ್ದರೆ ಆಚೆ ದಿಬ್ಬದಿಂದ ಕೂಗು ಬರುತ್ತದೆ, 'ಏನ್ರೋ, ಹುಷಾರಿಲ್ವಾ' ಅಂತ. ಫ್ರೈಬುರ್ಗಿನಲ್ಲಿ ನನಗೆ ಆ ಹೊಗೆ ನೋಡುವವರು ಸಿಕ್ಕಿದ್ದರು. ಆದರೆ ಸಿಗಲು ಒಂದೂವರೆ ವರ್ಷ ಹಿಡಿಯಿತು, ಜರ್ಮನ್ ಕಲಿತ ಮೇಲೆ.

ಟೋಕಿಯೊದಲ್ಲೂ ಹೀಗೇ ಒಮ್ಮೆ, ಹೆಂಡತಿ ಊರಿಗೆ ಹೋಗಿದ್ದಾಗ, ಮಲಗಿದ್ದೆ, ಐದು ದಿನ. ನಲವತ್ತು ಮನೆಯ ಕಟ್ಟಡ. ಒಬ್ಬರೂ ಬಾಗಿಲು ತಟ್ಟಲಿಲ್ಲ. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಪಕ್ಕದ ಮನೆಯವರದ್ದು ನನಗೂ ಗೊತ್ತಿರಲಿಲ್ಲ. ಆದರೆ ಮೆಟ್ಟಿಲಿಳಿದು ನೂರು ಹೆಜ್ಜೆಗೆ ಇಡೀ ರಾತ್ರಿ ತೆರೆದಿರುವ ಅಂಗಡಿ. ಅಲ್ಲಿನವರು ಕೊಂಬಿನಿ ಅನ್ನುತ್ತಾರೆ, ದೇಶದಲ್ಲಿ ಅಂಥವು 50 ಸಾವಿರಕ್ಕೂ ಹೆಚ್ಚಿವೆ. ಬೆಳಗಿನ ಜಾವ ಮೂರಕ್ಕೆ ಬಿಸಿ ಅನ್ನ, ಬಾಳೆಹಣ್ಣು, ಹಣೆಗೆ ಅಂಟಿಸುವ ತಂಪು ಪಟ್ಟಿ, ಎಲ್ಲ ಸಿಕ್ಕಿತು. ಕರೆಂಟ್ ಬಿಲ್ಲನ್ನೂ ಅಲ್ಲೇ ಕಟ್ಟಿ ಬಂದೆ. ನನ್ನನ್ನು ನೋಡಿಕೊಂಡಿದ್ದು ಊರು, ಜನ ಅಲ್ಲ. ಇದು ಕೆಲವರಿಗೆ ಸಂಕಟ, ಕೆಲವರಿಗೆ ನೆಮ್ಮದಿ. 'ಎಲ್ಲಿ ಹೋಗಿದ್ದೆ, ಯಾಕೆ ತಡ' ಅಂತ ಕೇಳುವವರಿಲ್ಲದ ನಾಲ್ಕು ವರ್ಷ ನನ್ನ ಹೆಂಡತಿಗೆ ಎಷ್ಟು ಹಿತವಾಗಿತ್ತು ಅಂತ ಅವಳು ಊರಿಗೆ ಬಂದ ಮೇಲೆ ಹೇಳಿದಳು. ಅಲ್ಲಿದ್ದಾಗ ಹೇಳಿರಲಿಲ್ಲ.

ಹಾಗಾಗಿ ನೀವು ಕೇಳಿಕೊಳ್ಳಬೇಕಾದ್ದು 'ಗದ್ದಲವೋ ಪ್ರಶಾಂತವೋ' ಅಲ್ಲ. ನಮ್ಮ ಹೊಗೆ ಯಾರಾದರೂ ನೋಡಬೇಕಾ, ಬೇಡವಾ? ನೋಡಬೇಕು ಅಂದರೆ ಅದಕ್ಕೆ ಬೇಕಾದಷ್ಟು ವರ್ಷ ಅಲ್ಲಿ ಇರುತ್ತೀರಾ? ನಿಮ್ಮ ಪ್ರಶ್ನೆಯಲ್ಲಿ ಎಷ್ಟು ವರ್ಷಕ್ಕೆ ಹೋಗುತ್ತೀರಿ ಅನ್ನುವುದೇ ಇಲ್ಲ. ನಿಮ್ಮವರ ಬಗ್ಗೆ ಇರುವುದೂ ಒಂದೇ ಸಾಲು.

ಆ ಒಂದು ಸಾಲಿನಿಂದಲೇ ಶುರುಮಾಡುತ್ತೇನೆ. ಜಪಾನಿನಲ್ಲಿ ಅವಲಂಬಿತರ ವೀಸಾದಲ್ಲಿ ಹೋದ ಗಂಡ, ಅನುಮತಿ ಪಡೆದು, ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ನಿಮಗೆ ಅಂಕಗಳ ಲೆಕ್ಕದ ಉನ್ನತ ಕೌಶಲ್ಯ ವೀಸಾ ಸಿಕ್ಕರೆ ಅವರಿಗೂ ಪೂರ್ಣಾವಧಿ ಕೆಲಸದ ದಾರಿ ಇದೆ. ಆ ವೀಸಾಗೆ 70 ಅಂಕ ಬೇಕು. ಓದು, ಅನುಭವ, ಸಂಬಳ, ವಯಸ್ಸು, ಜಪಾನಿ ಭಾಷೆ ಎಲ್ಲಕ್ಕೂ ಅಂಕ ಇದೆ. ಕಂಪನಿಯವರಿಗೆ ಇದನ್ನು ನೀವೇ ಕೇಳಿ, ಅವರಾಗಿ ಹೇಳುವುದು ಕಡಿಮೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಓದಿದ ಹೊರದೇಶದ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇರುವವರ ಗಂಡನಿಗೆ ಮೊದಲ ದಿನದಿಂದಲೇ ಯಾವ ಕೆಲಸಕ್ಕೂ ಅಡ್ಡಿ ಇಲ್ಲ. ಕಾಯಂ ವಾಸದ ಪರವಾನಗಿ 27 ತಿಂಗಳಿಗೆ, ಜರ್ಮನ್ ಮಧ್ಯಮ ಮಟ್ಟಕ್ಕೆ ಕಲಿತಿದ್ದರೆ 21 ತಿಂಗಳಿಗೇ ಕೇಳಬಹುದು. ಜಪಾನಿನಲ್ಲಿ ಸಾಮಾನ್ಯವಾಗಿ ಹತ್ತು ವರ್ಷ. 70 ಅಂಕದವರಿಗೆ ಮೂರು ವರ್ಷ, 80 ಇದ್ದವರಿಗೆ ಒಂದೇ ವರ್ಷ. ಕಾಗದದ ಮೇಲೆ ಜರ್ಮನಿ ಮುಂದೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕೂರಲು ಅಲ್ಲೂ ಆ ಭಾಷೆ ಬೇಕಲ್ವಾ? ಎರಡೂ ಕಡೆ ಮೊದಲ ವರ್ಷ ಅವರು ಮನೆಯಲ್ಲೇ ಅಂತ ಲೆಕ್ಕ ಹಾಕಿ. ಅದಕ್ಕೆ ಅವರು ಒಪ್ಪುತ್ತಾರಾ ಅಂತ ಇವತ್ತು ರಾತ್ರಿ ಊಟದ ಹೊತ್ತಿಗೇ ಕೇಳಿಬಿಡಿ.

ಭಾಷೆ ಅಂದೆನಲ್ಲ, ಕನ್ನಡಿಗರಿಗೆ ಒಂದು ಗುಟ್ಟು. ಮಾತಾಡಲು ಜಪಾನಿ ನಮಗೆ ಸುಲಭ. 'ನಾನು ಟೋಕಿಯೊಗೆ ಹೋಗುತ್ತೇನೆ' ಅನ್ನುವುದು 'ವತಾಶಿ ವಾ ತೋಕ್ಯೋ ನಿ ಇಕಿಮಾಸ್'. ನಮ್ಮ 'ಗೆ' ಇರುವ ಜಾಗದಲ್ಲೇ ಅವರ 'ನಿ', ಕ್ರಿಯಾಪದ ನಮ್ಮ ಹಾಗೇ ಕೊನೆಗೆ. ನಾವು ಮಾತಿನ ತುದಿಗೆ 'ಅಲ್ವಾ' ಅಂಟಿಸಿದ ಹಾಗೆ ಅವರು 'ನೆ' ಅಂಟಿಸುತ್ತಾರೆ. ನನ್ನ ಜೊತೆ ಕಲಿಯುತ್ತಿದ್ದ ಫ್ರೆಂಚ್ ಹುಡುಗ ಒದ್ದಾಡುತ್ತಿದ್ದಾಗ ನಾನು ಆರಾಮಾಗಿದ್ದೆ. ಸೊಕ್ಕು ಇಳಿದದ್ದು ಬರೆಯುವಾಗ. ದಿನಬಳಕೆಗೆ ಅಂತ ಸರ್ಕಾರ ಪಟ್ಟಿ ಮಾಡಿದ ಚಿತ್ರಲಿಪಿಗಳೇ 2,136.

ಮಗಳ ಶಾಲೆ. ಟೋಕಿಯೊದಲ್ಲಿ ಭಾರತದ ಪಠ್ಯಕ್ರಮದ ಶಾಲೆಗಳಿವೆ. ಎದೊಗಾವಾ ವಾರ್ಡಿನ ನಿಶಿ ಕಸಾಯಿ ಸುತ್ತ ಭಾರತೀಯರು ತುಂಬ ಇದ್ದಾರೆ. ತೊಗರಿಬೇಳೆ, ಉದ್ದಿನಬೇಳೆ, ಸಾಸಿವೆ ಎಲ್ಲ ಅಲ್ಲಿ ಸಿಗುತ್ತದೆ. ಫ್ರೈಬುರ್ಗಿನಲ್ಲಿ ಮಗು ಜರ್ಮನ್ ಶಾಲೆಗೇ ಹೋಗುತ್ತದೆ ಅಂತ ತಯಾರಾಗಿ. ಆರು ವರ್ಷಕ್ಕೆ ಭಾಷೆ ಬೇಗ ಹತ್ತುತ್ತದೆ, ಚಿಂತೆ ಬೇಡ. ಚಿಂತೆ ಇರುವುದು ಸಮಯದ್ದು. ಅಲ್ಲಿ ಅನೇಕ ಪ್ರಾಥಮಿಕ ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತವೆ. 2026-27ರ ಶಾಲಾ ವರ್ಷದಿಂದ ಒಂದನೇ ತರಗತಿಯ ಮಕ್ಕಳಿಗೆ ಇಡೀ ದಿನದ ಆರೈಕೆ ಕಾನೂನಿನ ಹಕ್ಕು. ಆದರೂ ಸೀಟು ಸಿಕ್ಕಿದೆಯಾ ಅಂತ ಹೋಗುವ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಊಟದಲ್ಲಿ ಫ್ರೈಬುರ್ಗ್ ಗೆಲ್ಲುತ್ತದೆ. ಹೋಟೆಲಿನಲ್ಲಿ ಸಸ್ಯಾಹಾರ ಅಂತ ಬರೆದೇ ಇರುತ್ತದೆ. ಟೋಕಿಯೊದಲ್ಲಿ ಕಣ್ಣಿಗೆ ಕಾಣದ್ದೇ ತೊಂದರೆ. ಬರೀ ತರಕಾರಿ ಪಲ್ಯ ಅಂದುಕೊಳ್ಳುತ್ತೀರಿ, ಬೇಯಿಸಿರುವುದು 'ದಾಶಿ' ಅನ್ನುವ ಸಾರಿನಲ್ಲಿ. ಅದಕ್ಕೆ ಒಣಗಿಸಿದ ಬೊನಿಟೊ ಮೀನಿನ ಹೆರೆ ಬಿದ್ದಿರುತ್ತದೆ. ನೂಡಲ್ಸಿನ ಸಾರು, ಶಾಲೆಯ ಊಟ, ಎಲ್ಲದರಲ್ಲೂ ಅದೇ. 'ಮೀನು ಹಾಕಿದ್ದೀರಾ' ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ಸುಳ್ಳಲ್ಲ, ಅವರ ಪ್ರಕಾರ ಅದು ಮೀನಲ್ಲ, ರುಚಿ. 'ದಾಶಿ ಇದೆಯಾ' ಅಂತಲೇ ಕೇಳಬೇಕು. ಮನೆಯಲ್ಲಿ ಅಡುಗೆ ಮಾಡುವವರಿಗೆ ಇದೇನು ದೊಡ್ಡದಲ್ಲ, ಮಗಳಿಗೆ ಡಬ್ಬಿ ಕಟ್ಟುವ ಬಗ್ಗೆ ಶಾಲೆಯ ಜೊತೆ ಮೊದಲೇ ಮಾತಾಡಿ.

ಮನೆ ಎರಡೂ ಕಡೆ ತಲೆನೋವೇ. ಟೋಕಿಯೊದಲ್ಲಿ ಕೋಣೆಯನ್ನು ಚಾಪೆಯ ಲೆಕ್ಕದಲ್ಲಿ ಅಳೆಯುತ್ತಾರೆ, ಆರು ಚಾಪೆ ಅಂದರೆ ಸುಮಾರು ನೂರು ಚದರಡಿ. ನಿಮ್ಮ ಜಗುಲಿಯೇ ಅದಕ್ಕಿಂತ ದೊಡ್ಡದಿರಬಹುದು. ಮುಂಗಡದ ಮೇಲೆ, ವಾಪಸ್ ಬಾರದ 'ರೇಕಿನ್' ಅಂತ ಮಾಲೀಕರಿಗೆ ಕೊಡುವ ಕಾಣಿಕೆಯೂ ಅನೇಕ ಕಡೆ ಇದೆ. ಕಟ್ಟಡ 1981ರ ನಂತರದ್ದಾ ಅಂತ ಕೇಳಿ, ಭೂಕಂಪದ ಹೊಸ ನಿಯಮ ಬಂದದ್ದು ಆ ವರ್ಷ. ಬಚ್ಚಲು ಮಾತ್ರ ಮನಸ್ಸಿಗೆ ಹಿಡಿಸುತ್ತದೆ. ಕುತ್ತಿಗೆಯ ತನಕ ಬಿಸಿನೀರಲ್ಲಿ ಕೂರುವ ತೊಟ್ಟಿ, ನೀರು ಕಾದಾಗ ಗೋಡೆಯ ಯಂತ್ರ ತಾನೇ ಹೇಳುತ್ತದೆ. ಹಂಡೆಗೆ ಸೌದೆ ಒಟ್ಟಿದ ಕೈಗೆ ಅದು ಪವಾಡ. ಫ್ರೈಬುರ್ಗಿನಲ್ಲಿ ಊರು ಚಿಕ್ಕದು, ವಿದ್ಯಾರ್ಥಿಗಳು ಜಾಸ್ತಿ, ಹಾಗಾಗಿ ಮನೆಯೇ ಸಿಗುವುದಿಲ್ಲ. ಸಿಕ್ಕರೂ ಅಡುಗೆಮನೆಯಲ್ಲಿ ಸಿಂಕ್ ಕೂಡ ಇಲ್ಲದಿರಬಹುದು, ಹಿಂದಿನವರು ಕಿತ್ತುಕೊಂಡು ಹೋಗಿರುತ್ತಾರೆ. ಮುಂಗಡ ಮಾತ್ರ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ.

ಯಾರೂ ಹೇಳದ ಇನ್ನೊಂದು ವಿಷಯ, ಕತ್ತಲು. ಡಿಸೆಂಬರಿನಲ್ಲಿ ಫ್ರೈಬುರ್ಗಿನ ಹಗಲು ಎಂಟೂಕಾಲು ಗಂಟೆಯಷ್ಟೇ, ಅದೂ ಮೋಡದ ಹಿಂದೆ. ಟೋಕಿಯೊದಲ್ಲಿ ಒಂಬತ್ತೂಮುಕ್ಕಾಲು, ಚಳಿ ಇದ್ದರೂ ಬಿಸಿಲು. ನಮ್ಮಲ್ಲಿ ಹನ್ನೊಂದಕ್ಕಿಂತ ಕಡಿಮೆ ಆಗುವುದೇ ಇಲ್ಲ. ಜಡಿಮಳೆಯ ಆಷಾಢ ಕಳೆದ ನಮಗೆ ಇದೇನು ಮಹಾ ಅಂದುಕೊಂಡಿದ್ದೆ. ಆಷಾಢದಲ್ಲಿ ಒಲೆ ಮುಂದೆ ಹಲಸಿನ ಹಪ್ಪಳ ಸುಡಲು ನಾಲ್ಕು ಜನ ಇರುತ್ತಾರೆ. ಅಲ್ಲಿ ನಾಲ್ಕೂವರೆಗೆ ಕತ್ತಲಾದ ಮೇಲೆ ನಾನೊಬ್ಬ, ಹೀಟರ್ ಒಂದು.

ನನ್ನ ತೀರ್ಪು ಕೇಳಿದರೆ: ಎರಡು ಮೂರು ವರ್ಷ ಇದ್ದು ಬರುವುದಾದರೆ ಟೋಕಿಯೊ. ಅಲ್ಲಿ ಹೋದ ವಾರದಿಂದಲೇ ಬದುಕು ನಡೆಯುತ್ತದೆ, ಯಾರ ಪರಿಚಯವೂ ಬೇಕಿಲ್ಲ. ಎಂಟು ಹತ್ತು ವರ್ಷ ಅಂದರೆ ಫ್ರೈಬುರ್ಗ್. ಮೊದಲ ಎರಡು ವರ್ಷ ಹಲ್ಲು ಕಚ್ಚಿಕೊಂಡಿರಿ, ಆಮೇಲೆ ಅದು ಊರಾಗುತ್ತದೆ. ಅತ್ತೆ ಒಬ್ಬರೇ, ತೋಟ ಬೇರೆ ಇದೆ ಅಂದಿರಿ. ಮರ ಹತ್ತಿ ಅಡಿಕೆ ಕೊನೆ ತೆಗೆಯುವವರು ಸಿಗದ ಈ ಕಾಲದಲ್ಲಿ ನೀವು ಹತ್ತು ವರ್ಷ ಹೊರಗಿರುತ್ತೀರಿ ಅಂತ ನನಗೆ ಅನ್ನಿಸುವುದಿಲ್ಲ. ಹಾಗಾಗಿ ನಿಮಗೆ ನಾನು ಹೇಳುವುದು ಟೋಕಿಯೊ, ನಿಮ್ಮವರು 28 ಗಂಟೆಗೆ ಒಪ್ಪಿದರೆ ಅಥವಾ ನಿಮ್ಮ ಅಂಕ 70 ದಾಟಿದರೆ.

ಅತ್ತೆಯನ್ನು ಕರೆಸಿಕೊಳ್ಳಲು ಯುಗಾದಿಯ ಆಸುಪಾಸು ಒಳ್ಳೆಯದು. ಕೊಯ್ಲು ಮುಗಿದು, ಅಡಿಕೆ ಒಣಗಿ ಒಳಗೆ ಬಂದಿರುತ್ತದೆ. ಔಷಧಿ ಹೊಡೆಸಲು ಇನ್ನೂ ಎರಡು ತಿಂಗಳು. ಟೋಕಿಯೊದಲ್ಲಿ ಚೆರ್ರಿ ಹೂ ಬಿಡುವುದೂ ಆಗಲೇ.

ಇನ್ನು ಉಪ್ಪಿನಕಾಯಿ. ನಾನು ಎರಡೂ ದೇಶಕ್ಕೆ ಒಯ್ದಿದ್ದೇನೆ, ಯಾರೂ ತಡೆಯಲಿಲ್ಲ. ತುಪ್ಪವನ್ನು ಮಾತ್ರ ಜರ್ಮನಿಗೆ ಕಟ್ಟಿಕೊಡಲು ಬಿಡಬೇಡಿ, ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲ. ಅಲ್ಲೇ ಬೆಣ್ಣೆ ಕೊಂಡು ಕಾಯಿಸಿಕೊಳ್ಳಬಹುದು. ಮಿಡಿಯನ್ನು ಜಾಡಿಯಿಂದ ಪ್ಲಾಸ್ಟಿಕ್ ಬಾಟಲಿಗೆ ಬದಲಿಸಿ, ಮುಚ್ಚಳಕ್ಕೆ ಟೇಪು ಸುತ್ತಿ, ದೊಡ್ಡ ಪೆಟ್ಟಿಗೆಯ ನಡುವೆ ಹಳೇ ಸೀರೆಯಲ್ಲಿ ಸುತ್ತಿಡಿ. ಕೈಚೀಲದಲ್ಲಿ ಬೇಡ. ನನ್ನ ಅಮ್ಮ ಕೊಟ್ಟ ಒಂದು ಕೆಜಿ ಜೀರಿಗೆ ಮಿಡಿಯನ್ನು ಒಂದು ವಿಮಾನ ನಿಲ್ದಾಣದ ತಪಾಸಣೆಯವರು 'ಎಣ್ಣೆ ಇದೆ' ಅಂತ ಎತ್ತಿಟ್ಟುಕೊಂಡರು. ಬಾಟಲಿ ತೆರೆದು ವಾಸನೆ ನೋಡಿದ್ದಂತೂ ನಾನೇ ಕಂಡೆ.